ಹಿರಿಮಗ್ಗದ ಗುಂಡಿ

ಇಲ್ಲ, ಅವಳು ಬರುವುದಿಲ್ಲ. ಬಂದರೂ ಮನಸ್ಸನ್ನು ಇಲ್ಲೇ ಬಿಟ್ಟು ಬರುತ್ತಾಳೆ. ಮನಸ್ಸಿಲ್ಲದ ಹೆಂಗಸನ್ನು ಹೊಸ ಮನೆಯ ಹೊಸಿಲು ದಾಟಿಸಿ ಯಾವ ಸುಖ? ಅಥವಾ ಬರುತ್ತಾಳೋ ಏನೋ. ಕೇಳಿಯೇಬಿಡಬಹುದಲ್ಲ. ಕೇಳಿದರೆ ‘ನಿಮ್ಮಿಷ್ಟ’ ಅನ್ನುತ್ತಾಳೆ. ಮದುವೆಯಾದ ಲಾಗಾಯ್ತು ಅವಳಿಂದ ಬೇರೆ ಉತ್ತರ ಬಂದದ್ದೇ ಇಲ್ಲ. ‘ನಿಮ್ಮಿಷ್ಟ’ ಅಂದವಳ ಇಷ್ಟ ಏನೆಂದು ತಿಳಿಯುವುದು ಹೇಗೆ?

ಹೀಗೆ ಯೋಚಿಸುತ್ತ ಬಸವಯ್ಯ ಕೈಯಲ್ಲಿದ್ದ ಲಾಳಿಯನ್ನು ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಹಾಸಿನ ಮೇಲೆ ಮೆಲ್ಲಗೆ ಇಟ್ಟ. ಅರಿಸಿನ ಬಣ್ಣದ ರೇಷ್ಮೆ ಎಳೆಗಳು ಮಗ್ಗದ ಆ ತುದಿಯಿಂದ ಈ ತುದಿಗೆ ಎಳೆಬಿಸಿಲಿನಂತೆ ಹರಡಿಕೊಂಡಿದ್ದವು. ಹಾಸು ಮುಗಿಯಲು ಇನ್ನೊಂದೇ ಸೀರೆ ಬಾಕಿ. ಮನಸ್ಸು ಮಾಡಿದರೆ ವಾರದೊಳಗೆ ಇಳಿಸಬಹುದು. ಮನಸ್ಸು ಮಾಡದೆ ಅವನು ಅದೇ ಒಂದು ಸೀರೆಯನ್ನು ಶಿವರಾತ್ರಿಗೆ ಮುಂಚಿನಿಂದಲೂ ನೇಯುತ್ತಲೇ ಇದ್ದ.

ಪಕ್ಕದ ಬುಟ್ಟಿಗೆ ಕೈ ಹಾಕಿದ. ಕಂಡಿಕೆ ಖಾಲಿ. ಲಾಳಿಯೊಳಗಿಡುವ ನೂಲನ್ನು ಪುಟ್ಟ ಕಡ್ಡಿಗಳಿಗೆ ಸುತ್ತಿ ಕಂಡಿಕೆ ಮಾಡಿಕೊಡುವುದು ಹೆಂಡತಿ ವಿಜಯಮ್ಮನ ಕೆಲಸ. ರಾಟೆಯ ಮುಂದೆ ಕೂತಳೆಂದರೆ ಅವಳ ಕೈಗೆ ಅವನ ಮಗ್ಗ ಸಾಟಿಯಾಗುತ್ತಿರಲಿಲ್ಲ. ಬುಟ್ಟಿಯಲ್ಲಿ ಕಂಡಿಕೆ ಸದಾ ತುಂಬಿ ಉರುಳುತ್ತಿದ್ದವು. ಈಗ ಕೆಲವು ವಾರಗಳಿಂದ ಮಧ್ಯಾಹ್ನದ ಊಟವಾದದ್ದೇ ಕೊಡ ಎತ್ತಿಕೊಂಡು ಹೊಳೆಗೆ ಹೋಗುತ್ತಾಳೆ. ಬಿಸಿಲು ಇಳಿಯುವ ಹೊತ್ತಿಗೆ ಸೀರೆಯ ನಿರಿಗೆಯೆಲ್ಲ ಒದ್ದೆ ಮಾಡಿಕೊಂಡು ಬರುತ್ತಾಳೆ. ರಾಟೆ ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತದೆ. ಮನೆಯೊಳಗೇ ನಲ್ಲಿಯಿರುವಾಗ ಹೊಳೆಗೇಕೆ ಹೋಗುತ್ತಾಳೆ ಎಂದು ಬಸವಯ್ಯ ಕೇಳಿರಲಿಲ್ಲ. ಕೇಳುವುದೇನಿದೆ, ಗೊತ್ತೇ ಇದೆಯಲ್ಲ. ಹೊಳೆ ಬಿಟ್ಟು ಹೋಗಲಾರದೆ, ಇರುವಷ್ಟು ದಿನವಾದರೂ ನೀರಿಗೆ ಕಾಲಿಳಿಸಿ ಕೂತಿರುತ್ತಾಳೆ. ಕಂಡಿಕೆ ಸುತ್ತದೆ ಹಾಸು ಮುಗಿಯುವುದನ್ನು ಮುಂದಕ್ಕೆ ತಳ್ಳುತ್ತಿದ್ದಾಳೆ. ಅದು ಅರ್ಥವಾದ ಮೇಲೆ ಅವನೂ ಕೈ ನಿಧಾನ ಮಾಡಿದ್ದ.

ಎದ್ದು ನಿಲ್ಲಲು ಹೋದರೆ ಮೊಣಕಾಲು ಕಟಕಟ ಅಂದಿತು. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯೊಳಗೆ, ಕಾಲುಹಲಗೆಯ ಕೆಳಗಿನ ಮಣ್ಣು ಈ ಬಿಸಿಲಿನಲ್ಲೂ ತೇವ. ಹೊಳೆದಂಡೆಯ ಮನೆಗಳ ಹಣೆಬರಹವೇ ಅದು. ಬಿಳಿಗಿರಿರಂಗನ ಬೆಟ್ಟದಲ್ಲಿ ಮೋಡ ಕಟ್ಟಿದರೆ ಸಾಕು, ಯಳಂದೂರಿನ ಹೊಳೆಬೀದಿಯ ಮಗ್ಗದ ಗುಂಡಿಗಳಲ್ಲಿ ನೀರು ಒಸರುತ್ತದೆ. ಮಳೆಗಾಲದಲ್ಲಿ ಬಸವಯ್ಯ ಚೊಂಬಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿ, ಗೋಣಿತಾಟು ಹಾಸಿ, ಅದರ ಮೇಲೆ ಕಾಲಿಟ್ಟು ನೇಯುತ್ತಾನೆ. ಹುಡುಗನಾಗಿದ್ದಾಗ ಅಪ್ಪ ಮೊದಲ ಸಲ ಆ ಗುಂಡಿಗೆ ಇಳಿಸಿದ ದಿನ ಅಂಗಾಲಿಗೆ ತಾಗಿದ ತಣ್ಣಗಿನದು ಈವರೆಗೂ ಬಿಟ್ಟುಹೋಗಿಲ್ಲ.

ಆದರೆ ಬೀದಿಯಲ್ಲಿ ಮಾತೇ ಬೇರೆ. ‘ಈ ಗುಂಡಿ ಅಂದ್ರ ಸುಮ್ಕಲ್ಲ, ಆ ತೇವಕ್ಕೇ ಎಳೆ ಕಿತ್ತೋಗಲ್ಲ, ಆ ತೇವಕ್ಕೇ ಸೀರೆಗೆ ಆ ಮಿಂಚು’ ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಹೋದ ಮೇಲೆ ಬೀದಿ ಹೇಳಿತು. ಕೊಳ್ಳೇಗಾಲದಿಂದ ಸೀರೆ ಕೊಳ್ಳಲು ಬರುವ ಸಾಹುಕಾರರೂ ಬಗ್ಗಿ ಗುಂಡಿ ನೋಡಿ ತಲೆದೂಗುತ್ತಿದ್ದರು. ಬಸವಯ್ಯ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಸುಮ್ಮನಿದ್ದ. ಸುಮ್ಮನಿದ್ದವನ ಬಾಯಿಗೆ ಊರು ತನಗೆ ಬೇಕಾದ ಮಾತು ತುರುಕುತ್ತದೆ.

ಕಳೆದ ದಸರೆಯ ಹೊತ್ತಿಗೆ ಪಟ್ಟಣ ಪಂಚಾಯಿತಿಯಿಂದ ಗುರುಪ್ರಕಾಶ್ ಎಂಬ ಇಂಜಿನಿಯರು ನಕ್ಷೆ ಹಿಡಿದು ಬೀದಿಯ ಚೌಡೇಶ್ವರಿ ಗುಡಿಗೆ ಬಂದಿದ್ದರು. ಎರಡು ಸಲ ಹೊಳೆ ಉಕ್ಕಿ ಬೀದಿಗೆ ನುಗ್ಗಿದ ಮೇಲೆ ಆದ ತೀರ್ಮಾನ ಅದು. ದಂಡೆಯ ಮೇಲಿನ ಮನೆಗಳನ್ನು ತೆಗೆದು ತಡೆಗೋಡೆ ಕಟ್ಟುವುದು, ಗೋಡೆಯ ಮೇಲೆ ಊರವರು ಓಡಾಡಲು ದಾರಿ, ಕೂರಲು ಕಲ್ಲುಬೆಂಚು. ನೇಕಾರರಿಗೆ ಬೀದಿಯ ತಲೆಯಲ್ಲಿ, ಏರಿನ ಮೇಲೆ, ಗೂಡಿನಿಂದ ನೂಲು ತೆಗೆಯುವ ರೇಷ್ಮೆ ಬಿಚ್ಚಾಣಿಕೆಯ ಹಳೇ ಶೆಡ್ಡು ಇದ್ದ ಜಾಗದಲ್ಲಿ ಹೊಸ ಮನೆ. ಮನೆಗೊಂದು ಮಗ್ಗದ ಕೋಣೆ.

‘ಈ ಕೋಣೆಯಲ್ಲಿ ಗುಂಡಿ ಇರೋದಿಲ್ಲ,’ ಎಂದು ಗುರುಪ್ರಕಾಶ್ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ್ದರು. ‘ಪೂರ್ತಿ ಸಮ ನೆಲ. ಸ್ಟ್ಯಾಂಡ್ ಮಗ್ಗ ಬರುತ್ತೆ. ಬೆಂಚಿನ ಮೇಲೆ ಕೂತು ನೇಯಬಹುದು.’

ಬೆಂಚು! ಒಣಗಿದ ನೆಲದ ಮೇಲೆ ಕಾಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕಿಟಕಿಯ ಬೆಳಕಿನಲ್ಲಿ ಮನುಷ್ಯರ ಹಾಗೆ ಕೂತು ನೇಯುವುದು. ಆ ಆಸೆ ಮುಖದಲ್ಲಿ ಕಂಡೀತೆಂದು ಹೆದರಿ ಬಸವಯ್ಯ ಪಕ್ಕಕ್ಕೆ ತಿರುಗಿ ಗುಡಿಯ ಕಂಬ ಹಿಡಿದುಕೊಂಡ. ಬೀದಿಯವರು ಅದನ್ನು ಕಂಡರು. ‘ಅಪ್ಪನ ಕಾಲದ ಗುಂಡಿ ಪಾಪ, ತಡಕಳಕ್ಕಾಗ್ನಿಲ್ಲ’ ಎಂದು ಪಿಸುಗುಟ್ಟಿದರು. ವಿಜಯಮ್ಮ ಹೆಂಗಸರ ನಡುವೆ ನಿಂತು ನೋಡಿದಳು. ಆ ಮಧ್ಯಾಹ್ನವೇ ಹೊಳೆಗೆ ಹೋಗಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳು.

ಅದನ್ನು ಕಂಡಾಗ ಅವನಿಗೆ ಅವಳು ಮದುಮಗಳಾಗಿ ಬಂದ ದಿನ ನೆನಪಾಯಿತು. ಅವಳ ತವರು ಹನೂರಿನ ಆಚೆ ರಾಮಾಪುರ, ಕಾಡಿನಂಚಿನ ಒಣಭೂಮಿ. ಅವಳಪ್ಪ ಅಲ್ಲಿ ಬಸ್ ಸ್ಟಾಂಡಿನ ಪಕ್ಕ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ. ಕೊಡ ನೀರಿಗೆ ಸಾಲಲ್ಲಿ ನಿಂತು ಬೆಳೆದವಳು ಅವಳು. ಮನೆ ತುಂಬಿಸಿಕೊಂಡ ಮಾರನೇ ದಿನ ಹೊಳೆಗೆ ಇಳಿದು, ಮೊಣಕಾಲುದ್ದ ನೀರಲ್ಲಿ ನಿಂತು, ‘ಕಡವುಳೆ, ಇಷ್ಟೂ ನಮ್ದೇನಾ?’ ಎಂದು ಗಡಿಸೀಮೆಯವರಂತೆ ತಮಿಳಲ್ಲಿ ದೇವರನ್ನು ಕರೆದು ಕೇಳಿದ್ದಳು. ಅಂಥವಳನ್ನು ಹೊಳೆಯಿಂದ ಎಬ್ಬಿಸಿ ಏರಿನ ಮೇಲಿನ ಸಿಮೆಂಟು ಮನೆಗೆ ಕರೆದೊಯ್ಯುವುದು ಹೇಗೆ?

ಹೊಳೆಬೀದಿಗೆ ತನ್ನದೇ ಕಟ್ಟಳೆಗಳಿದ್ದವು. ಹಾಸು ಏರಿದ ಮಗ್ಗವನ್ನು ಕೀಳಬಾರದು, ಹಾಸು ಮುಗಿದ ಮೇಲೆಯೇ ಅಲುಗಿಸಬೇಕು. ಬಿಡಾರ ಬದಲಿಸುವುದಾದರೆ ಬೀದಿಯ ಹಿರಿಮಗ್ಗದ ಅಚ್ಚು, ಹಾಸಿನ ಎಳೆಗಳನ್ನು ಪೋಣಿಸುವ ಆ ಹಣಿಗೆ, ಮೊದಲು ಹೊಸಿಲು ದಾಟಬೇಕು, ಉಳಿದವರದು ಹಿಂದಿನಿಂದ. ನಾಲ್ಕು ಜನ ಸೇರಿದಲ್ಲಿ ಹಿರಿಮಗ್ಗದವನು ಮೊದಲು ಮಾತಾಡಬೇಕು. ಅವನು ಆಡಿದ ಮಾತಿಗೆ ಎದುರಾಡುವಂತಿಲ್ಲ. ಬಸವಯ್ಯನದೇ ಹಿರಿಮಗ್ಗ. ಗುರುಪ್ರಕಾಶ್ ಮೊದಲು ‘ಇದೆಂಥ ಕಥೆ!’ ಎಂದು ನಕ್ಕರೂ, ಕಡೆಗೆ ಒಪ್ಪಿಕೊಂಡರು. ಏರಿನ ಮೇಲೆ ಹೊಸ ಮನೆಗಳು ಎದ್ದವು, ಇಲ್ಲಿ ಒಂದೊಂದಾಗಿ ಎಲ್ಲರ ಹಾಸೂ ಮುಗಿಯಿತು. ಹೊಸ ಹಾಸು ಏರಿಸದೆ ಮಗ್ಗಗಳು ಬರಿದಾಗಿ ನಿಂತವು. ಬೀದಿ ಬಸವಯ್ಯನ ಒಂದು ಸೀರೆಗಾಗಿ ಕಾಯುತ್ತ ಕೂತಿತು.

*

‘ದೊಡ್ಡಪ್ಪ, ಸೀರೆ ನೇಯ್ತಾ ಇದ್ದೀಯೋ, ಇಲ್ಲ ಬೆಟ್ಟದ ಆನೆಗ ಒದಿಸಕ್ಕ ರಗ್ಗು ನೇಯ್ತಾ ಇದ್ದೀಯೋ?’

ಬಾಗಿಲಲ್ಲಿ ನಿಂತವನು ಚೌಡೇಶ್. ಬಸವಯ್ಯನ ತಮ್ಮನ ಮಗ, ಪಕ್ಕದ ಮನೆಯವನು. ಬಾಯಿ ತೆರೆದರೆ ಕುಚೋದ್ಯ. ಸುಮ್ಮನೆ ಕೂತು ಕೂತು ಗಡ್ಡ ಬೆಳೆದಿತ್ತು.

‘ನೂಲು ಸರಿಯಿಲ್ಲ ಕಣ್ಲಾ. ಕಿತ್ತೋಯ್ತದ,’ ಅಂದ ಬಸವಯ್ಯ.

‘ನೂಲು ಸರ್ಯಾಗೇ ಅದ. ಕಿತ್ತೋಗಿರೋದು ನಿನ್ ಮನ್ಸು.’ ಚೌಡೇಶ್ ಒಳಗೆ ಬಂದು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. ‘ನಂಗೂ ಮನೇಲಿ ಇರಕ್ಕಾಯ್ತಿಲ್ಲ. ನಿನ್ ಸೊಸೆ ಮೋನಿಕಾ ಏನಂದ್ಲು ಗೊತ್ತಾ ಬೆಳಿಗ್ಗೆ? ನೀವು ಹಗಲೊತ್ತು ಮನೇಲಿದ್ರ ಪೊರಕೆ ಆಡ್ಸಕ್ಕೂ ಜಾಗ ಇಲ್ಲ, ಎಲ್ಲಿಗಾರೂ ಓಗ್ಬುಡಿ ಅಂದ್ಲು. ಎಲ್ಲಿಗ ಓಗ್ಲಿ ದೊಡ್ಡಪ್ಪ? ಮಾಂಬಳ್ಳಿಗ ಓಗಿ ಯಾರ್ದಾರೂ ಗದ್ದೇಲಿ ಬೆದರುಗೊಂಬೆ ಆಗಿ ನಿಂತ್ಕಳ್ಲಾ?’

‘ನಿಂತ್ರೂ ಕಾಗೆ ಎದ್ರಲ್ಲ ಬುಡು.’

‘ಎದರ್ದೇ ಇರ್ಲಿ, ಜೊತೆಗ ಮಾತಾಡಕ್ಕ ಒಂದಾರೂ ಆಯ್ತದಲ್ಲ.’ ನಕ್ಕ ಚೌಡೇಶ್ ಸ್ವಲ್ಪ ಹೊತ್ತಿಗೆ ಗಂಭೀರನಾದ. ‘ತಮಾಷೆಯಲ್ಲ ಕಣ. ಭಾನುವಾರ ಇಂಜಿನಿಯರ್ ಸಾಹೇಬ್ರು ಬತ್ತಾರ. ಈಗ್ಲೂ ಆಗ್ನಿಲ್ಲ ಅಂದ್ರ ಈ ಗೋಡೆ ಕೆಲ್ಸ ಬ್ಯಾರೆ ಊರ್ಗ ಓಯ್ತದಂತ. ನೀನು ಬ್ಯಾಡ ಅಂದ್ರ ನಾವೂ ಬ್ಯಾಡ ಅಂತೀವಿ, ಅದ್ರಾಗ ಎಲ್ಡು ಮಾತಿಲ್ಲ. ಆದ್ರ ಬ್ಯಾಡ ಅನ್ನೋದಾದ್ರ ಬ್ಯಾಡ ಅಂದ್ಬುಡು. ಇಂಗೆ ನೇತಾಕ್ಬ್ಯಾಡ.’

‘ಭಾನುವಾರ ಏಳ್ತೀನಿ.’

‘ಏನಂತ?’

‘ಭಾನುವಾರ ಏಳ್ತೀನಿ ಅಂದ್ನಲ್ಲ.’

ಚೌಡೇಶ್ ತಲೆ ಚಚ್ಚಿಕೊಳ್ಳುವಂತೆ ಮಾಡಿ ಎದ್ದುಹೋದ. ಅವನು ಹೋದ ಮೇಲೆ ಬಸವಯ್ಯನಿಗೆ ನಾಚಿಕೆಯಾಯಿತು. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಗೌರವವಿತ್ತು. ಆ ಗೌರವವೇ ಭಾರ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು.

ಆ ಮಧ್ಯಾಹ್ನ ನೆಲದ ಮೇಲೆ ಚಾಪೆ ಹಾಸಿ ಒರಗಿದವನಿಗೆ ಕಾಲ ಹತ್ತಿರ ಏನೋ ಹರಿದಾಡಿದಂತಾಗಿ ಎಚ್ಚರವಾಯಿತು. ಕಣ್ಣು ಬಿಟ್ಟರೆ ವಿಜಯಮ್ಮ ಅವನ ಮೊಣಕಾಲಿನಿಂದ ಹಿಮ್ಮಡಿಗೆ ಒಂದು ನೂಲೆಳೆ ಹಿಡಿದುಕೊಂಡು ಕೂತಿದ್ದಳು.

‘ಏನದು?’

‘ಏನಿಲ್ಲ. ಕಾಲ್ಗ ನೂಲು ಅಂಟ್ಕಂಡಿತ್ತು, ತಗೀತಿದ್ದೆ,’ ಎಂದು ಎಳೆಯನ್ನು ಬೆರಳಿಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ಮಲಿಕ್ಕಳಿ.’

ನೇಕಾರನ ಮೈಗೆ ನೂಲು ಅಂಟುವುದು ಹೊಸದಲ್ಲ. ಆದರೆ ಅವಳು ಅದನ್ನು ಬಿಸಾಡದೆ ಜೋಪಾನ ಮಾಡಿದ್ದು ಅವನ ಕಣ್ಣಿಗೆ ಬಿತ್ತು. ಯಾವುದೋ ಹರಕೆಯಿರಬೇಕು, ಈ ಮನೆ ಉಳಿಯಲಿ ಎಂದು ಚೌಡಮ್ಮನಿಗೆ ಕಟ್ಟುವ ದಾರವಿರಬೇಕು ಅಂದುಕೊಂಡ. ಅರೆಗಣ್ಣಲ್ಲಿ ನೋಡುತ್ತಿದ್ದಂತೆಯೇ ಅವಳು ಕೊಡ ಎತ್ತಿಕೊಂಡು ಹೊಳೆಯ ಕಡೆ ಹೋದಳು.

*

ಶುಕ್ರವಾರ ಸಂಜೆ ಊಟಕ್ಕೆ ಕೂತಾಗ ಬಸವಯ್ಯ ಮಾತು ತೆಗೆದ.

‘ಭಾನುವಾರ ಸಭೆ ಕರ್ದವ್ರ.’

‘ಕರೀಲಿ.’

‘ನಾನೇ ಮೊದ್ಲು ಮಾತಾಡ್ಬೇಕಂತ.’

‘ನೀವಲ್ದೆ ಇನ್ಯಾರು?’ ವಿಜಯಮ್ಮ ಸಾರಿನ ಪಾತ್ರೆಯೊಳಗೆ ಸೌಟು ತಿರುವುತ್ತಿದ್ದಳು. ತಲೆಯೆತ್ತಲಿಲ್ಲ.

‘ಏನೇಳ್ಲಿ?’

‘ನಿಮ್ಮಿಷ್ಟ. ಇನ್ನೊಂದು ಮುದ್ದೆ ಆಕ್ಲಾ?’

‘ಅರ್ಧ ಸಾಕು.’

ಅವಳು ಅರ್ಧ ಮುರಿದು ಹಾಕಿದಳು. ಉಳಿದರ್ಧ ತನ್ನ ತಟ್ಟೆಗೆ ಹಾಕಿಕೊಂಡಳು. ಹೊರಗೆ ಹೊಳೆಯ ಸದ್ದು ಕೇಳುತ್ತಿತ್ತು.

‘ನೀರು ತಣ್ಣಗಿತ್ತಾ?’

‘ಯಾವ ನೀರು?’

‘ಹೊಳೇದು. ಮಧ್ಯಾಹ್ನ ಓಗಿದ್ಯಲ್ಲ.’

‘ಊ,’ ಅಂದಳು. ಅವಳ ಕಿವಿ ಕೆಂಪಾದದ್ದು ದೀಪದ ಬೆಳಕಿಗೋ ಏನೋ. ‘ನಿಮ್ಮ ಕಾಲು ಇವತ್ತು ಎಂಗದ? ನೋವಾ?’

‘ಇಲ್ಲ,’ ಅಂದ ಬಸವಯ್ಯ. ನೋವಿತ್ತು. ನೋವೆಂದರೆ ಗುಂಡಿಯ ಮಾತು ಬರುತ್ತದೆ, ಗುಂಡಿಯೆಂದರೆ ಹೊಸ ಮನೆಯ ಮಾತು ಬರುತ್ತದೆ, ಹೊಸ ಮನೆಯೆಂದರೆ ಅವಳ ಮುಖ ಬಾಡುತ್ತದೆ. ಅದನ್ನು ನೋಡಲಾರದೆ ಇಲ್ಲ ಅಂದ.

ಅಂದೇ ಅವನು ನಿಶ್ಚಯ ಮಾಡಿದ. ಬೇಡ ಎಂದುಬಿಡುವುದು. ಬೀದಿ ಅವನ ಮಾತಿಗೆ ತಲೆಬಾಗುತ್ತದೆ. ತಡೆಗೋಡೆ ಬರುವುದಿಲ್ಲ, ಹೊಳೆ ಇನ್ನೊಮ್ಮೆ ಉಕ್ಕಿದರೆ ಉಕ್ಕಲಿ. ಚೌಡೇಶನ ಮುಖ ನೆನೆದರೆ ಸಂಕಟವಾಗುತ್ತಿತ್ತು. ಆದರೂ ಕೈ ಹಿಡಿದು ಬಂದವಳು ಇಷ್ಟು ವರ್ಷದಲ್ಲಿ ತನಗೆಂದು ಕೇಳಿದ್ದು ಏನೂ ಇಲ್ಲ. ಇದನ್ನೂ ಕೇಳಿಲ್ಲ. ಕೇಳದೆಯೇ ಕೊಡಬಹುದಾದದ್ದು ಇದೊಂದು. ತನ್ನ ಬೆಂಚಿನ ಆಸೆ ಎಷ್ಟರದು!

*

ಶನಿವಾರ ಮಧ್ಯಾಹ್ನ ಅವಳು ಕೊಡ ಎತ್ತಿಕೊಂಡು ಹೋದ ಸ್ವಲ್ಪ ಹೊತ್ತಿಗೆ ಬಸವಯ್ಯನೂ ಎದ್ದ. ನಾಳೆ ಗುಡಿಯಲ್ಲಿ ಹತ್ತು ಜನರ ನಡುವೆ ಕೇಳುವ ಮೊದಲು ಅವಳೊಬ್ಬಳೇ ಕೇಳಲಿ, ಹೊಳೆಯ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ಹೇಳೋಣ ಅನ್ನಿಸಿತು. ಹೇಳಿದಾಗ ಅವಳ ಮುಖ ಹೇಗಾಗುತ್ತದೆ ಎಂದು ಯೋಚಿಸುತ್ತ, ಒಳಗೊಳಗೇ ಸ್ವಲ್ಪ ಹೆಮ್ಮೆಪಡುತ್ತ, ಹಿತ್ತಲ ಬಾಗಿಲಿಂದ ಇಳಿದ.

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಸುವರ್ಣಾವತಿ ಹೊಳೆ ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಆಚೆ ದಡದ ಹೊಂಗೆಮರದ ಕೆಳಗೆ ಎಮ್ಮೆಯೊಂದು ಕಣ್ಣು ಮುಚ್ಚಿ ನಿಂತಿತ್ತು. ಬಸವಯ್ಯ ಗಡಿಬಿಡಿಯಲ್ಲಿ ಮೆಟ್ಟಿಲಿಳಿದ. ಕಡೆಯ ಮೆಟ್ಟಿಲಿನ ಮೇಲೆ ಒದ್ದೆ ಹೆಜ್ಜೆಯ ಗುರುತಿತ್ತು. ಅದು ನೀರಿನಿಂದ ಮೇಲಕ್ಕೆ ಬಂದಿತ್ತು. ಪಕ್ಕದಲ್ಲಿ ಕೊಡ ತುಳುಕಿದ ಹನಿಗಳು. ಆ ಹನಿಗಳು ಮನೆಯ ಕಡೆ ಹೋಗದೆ ಬೀದಿಯ ತಲೆಯ ಕಡೆಗೆ, ಏರಿನ ಮೇಲಕ್ಕೆ ಹೋಗಿದ್ದವು. ಕೆಲವು ಆಗಲೇ ಆರಿದ್ದವು, ಕೆಲವು ಇನ್ನೂ ಹೊಳೆಯುತ್ತಿದ್ದವು.

ಬಸವಯ್ಯ ಹನಿಗಳ ಹಿಂದೆ ಹೋದ. ಅವು ಹೊಸ ಮನೆಗಳ ಸಾಲಿಗೆ ಹೋಗಿ, ಮೊದಲನೇ ಮನೆಯ ಬಾಗಿಲಿಲ್ಲದ ಹೊಸಿಲು ದಾಟಿದ್ದವು. ಹಿರಿಮಗ್ಗಕ್ಕೆಂದು ಬಿಟ್ಟ ಮನೆ ಅದು. ನಕ್ಷೆಯಲ್ಲಿ ಬಿಟ್ಟರೆ ಅವನು ಆ ಮನೆಯನ್ನು ನೋಡಿರಲಿಲ್ಲ. ನೋಡಿದರೆ ಆಸೆ ಹೆಚ್ಚುತ್ತದೆಂದು ಆ ಕಡೆ ತಲೆಯೇ ಹಾಕಿರಲಿಲ್ಲ.

ಮರಳಿನ ಗುಡ್ಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ ವಾಚ್‌ಮನ್ ಮೂರ್ತಿ ಗಡಬಡಿಸಿ ಎದ್ದ.

‘ಬನ್ನಿ ಸಾ. ಅಮ್ಮಾವ್ರು ಇನ್ನೊಂದು ಕೊಡ ತರಕ್ಕ ಅಂತ ಈಗ್ತಾನೆ ಆ ಕಡೆ ದಾರೀಲಿ ಇಳುದ್ರು.’

‘ಯಾರು?’

‘ನಿಮ್ಮ ಮನೆಯವ್ರೇ ಸಾ. ದಿನಾ ಬತ್ತಾರಲ್ಲ. ಗೋಡೆಗ ನೀರು ಉಣ್ಸಕ್ಕ.’ ಮೂರ್ತಿ ಬೀಡಿ ಬೆನ್ನ ಹಿಂದೆ ಅಡಗಿಸಿದ. ‘ಟ್ಯಾಂಕರು ಒಂದಿನ ಬತ್ತದ, ಎಲ್ಡು ದಿನ ಬರಲ್ಲ. ನೀರಿಲ್ದೆ ಸಿಮೆಂಟು ಬಿರುಕು ಬುಡ್ತದ ಮೂರ್ತಿ, ಎದುರ್ಗೇ ಹೊಳೆ ಇಟ್ಕಂಡು ಬಾಯಾರುಸ್ತೀರಾ ಅಂತ ನಂಗೂ ಬಯ್ದು ಅವ್ರೇ ಸುರು ಮಾಡ್ಕಂಡ್ರು. ಪಕ್ಕದ ಚೌಡೇಶಣ್ಣನ ಗೋಡೆಗೂ ಅವ್ರೇ ಉಯ್ಯೋದು.’

ಬಸವಯ್ಯ ಒಳಗೆ ಹೋದ. ಗೋಡೆ ಮುಟ್ಟಿ ನೋಡಿದ. ತಣ್ಣಗೆ, ಗಟ್ಟಿಯಾಗಿ ಇತ್ತು. ಅಡುಗೆಮನೆಯ ಕಟ್ಟೆಯ ಎದುರಿಗೆ ಒಂದು ಅಗಲ ಕಿಟಕಿ. ಅದರಿಂದ ಕೆಳಗೆ ಹೊಳೆ ಉದ್ದಕ್ಕೂ ಕಾಣುತ್ತಿತ್ತು, ಮಾಂಬಳ್ಳಿಯ ಕಡೆ ತಿರುಗುವವರೆಗೂ.

‘ಇಲ್ಲೇ ನಿಂತ್ಕತಾರ ಸಾ ಸುಸ್ತಾದ್ರ,’ ಮೂರ್ತಿ ಹೇಳಿದ. ‘ಹೊಳೆ ಇಲ್ಲಿಂದ ನೋಡಕ್ಕೇ ಚೆಂದ ಕಣ ಮೂರ್ತಿ, ಅಲ್ಲಿದ್ರ ಬರೀ ಹಾವು ಸೊಳ್ಳೆ ಅಂತಾರ. ಯಾವಾಗ ಬತ್ತೀವೋ ಅಂತಾರ. ಆಮೇಕ, ನಮ್ಮ ಯಜಮಾನ್ರಿಗ ಮನ್ಸಿಲ್ಲ, ಅವ್ರಿಗ ಆ ಗುಂಡಿ ಅಂದ್ರ ಪ್ರಾಣ, ಬಲವಂತ ಮಾಡಕ್ಕಾಗಲ್ಲ ಅಂತಾರ.’ ದನಿ ತಗ್ಗಿಸಿದ. ‘ನಾನೇಳ್ದೆ ಅನ್ಬ್ಯಾಡಿ ಸಾ. ಬನ್ನಿ, ಅವ್ರು ಮಾಡ್ಸಿರೋದ ನೋಡಿ.’

ಮಗ್ಗದ ಕೋಣೆಗೆ ಕರೆದುಕೊಂಡು ಹೋದ. ನಕ್ಷೆಯಲ್ಲಿ ಕಂಡಂತೆಯೇ ಅಗಲವಾದ ಕೋಣೆ, ಕಿಟಕಿ, ಬೆಳಕು. ಸಮನಾದ ನೆಲ. ಆ ನೆಲದ ನಡುವೆ, ಕಿಟಕಿಗೆ ಎದುರಾಗಿ, ಚೌಕನೆಯ ಗುಂಡಿ. ಗುಂಡಿಯ ತುಂಬ ಹೊಳೆಯ ನೀರು.

‘ಪ್ಲಾನ್‌ನಲ್ಲಿ ಇಲ್ಲ ಅಂದ್ರು ಇಂಜಿನಿಯರ್ ಸಾಹೇಬ್ರು. ಅಮ್ಮಾವ್ರು ಬುಡ್ನಿಲ್ಲ. ನಮ್ಮನೇವ್ರು ಗುಂಡಿ ಇಲ್ದೆ ನೇಯಲ್ಲ, ನೇಯ್ದೇ ಇದ್ರ ಬದ್ಕಲ್ಲ, ನೀವೇನ್ ಮಾಡ್ತೀರೋ ಗೊತ್ತಿಲ್ಲ ಅಂತ ಇಲ್ಲೇ ಕುಂತ್ಬುಟ್ರು. ಕಡೆಗ ಸಾಹೇಬ್ರೇ ನಕ್ಬುಟ್ಟು, ತೋಡಿ ಅಂದ್ರು. ಮೊನ್ನೆ ನೂಲಲ್ಲಿ ನಿಮ್ಮ ಕಾಲಳತೆ ತಂದಿದ್ರು ಸಾ. ಒಂದು ಬೆಳ್ಳು ಆಚೆ ಈಚೆ ಆಗಬಾರ್ದು ಅಂತ ಗಾರೆಯವ್ನ ಪಕ್ಕದಲ್ಲೇ ನಿಂತಿದ್ರು.’

ಗುಂಡಿಯ ಒಳಗೋಡೆಗೆ ನಯವಾದ ಕಪ್ಪು ಗಾರೆ. ನೀರಿನ ಅಂಚಿಗೆ ಸರಿಯಾಗಿ ಇದ್ದಿಲಲ್ಲಿ ಎಳೆದ ಗೆರೆ.

‘ಈ ಗೆರೆ?’

‘ನೀರು ಇಳೀತದಾ ಅಂತ ನೋಡಕ್ಕ ಸಾ. ಒಳಗಿಂದು ಆಚೆಗ ಓಗ್ನಿಲ್ಲ ಅಂದ್ರ ಆಚೆದು ಒಳಕ್ಕ ಬರಲ್ವಂತ. ಇವ್ರು ಜೀವ್ಮಾನ ಎಲ್ಲ ಒದ್ದೇಲಿ ಕಾಲಿಟ್ಟವ್ರ, ಇನ್ನು ಮ್ಯಾಲಾದ್ರೂ ಒಣಗಿರ್ಲಿ ಅಂದ್ರು.’

ಬಸವಯ್ಯ ಗುಂಡಿಯ ಅಂಚಿನಲ್ಲಿ ಕೂತ. ನೀರಲ್ಲಿ ಅವನ ಮುಖ ಕಂಡಿತು, ಹಿಂದೆ ಕಿಟಕಿಯ ಆಕಾಶ. ಅವಳು ಹೊಳೆಯ ಮೆಟ್ಟಿಲ ಮೇಲೆ ಕೂತು ಕೊರಗುತ್ತಿದ್ದಾಳೆಂದು ಅವನು ಅಂದುಕೊಂಡ ಅಷ್ಟೂ ಮಧ್ಯಾಹ್ನಗಳಲ್ಲಿ ಅವಳು ಈ ಏರು ಹತ್ತುತ್ತಿದ್ದಳು. ನಗು ಬಂತು. ನಾಳೆ ತಾನು ಹೇಳಲಿದ್ದ ಮಾತು ನೆನಪಾಗಿ ನಗು ನಿಂತಿತು. ಒಂದು ದಿನ ತಡವಾಗಿದ್ದರೆ ಅವಳಿಗಾಗಿ ಎಂದು ಅವಳ ಮನೆಯನ್ನೇ ಬೇಡ ಎಂದುಬಿಡುತ್ತಿದ್ದ.

ಆಮೇಲೆ ಮತ್ತೆ ಗುಂಡಿಯನ್ನು ನೋಡಿದ. ಬೆಂಚು ಇಡಬೇಕಾಗಿದ್ದ ಜಾಗ ಅದು.

‘ಮೂರ್ತಿ, ನಾನು ಬಂದಿದ್ದೆ ಅಂತ ಅವಳಿಗ ಏಳ್ಬ್ಯಾಡ.’

‘ನಾನ್ಯಾಕ ಏಳ್ಲಿ ಸಾ. ನೀವು ಬೀಡಿ ವಿಷ್ಯ ಸಾಹೇಬ್ರಿಗ ಏಳ್ಬ್ಯಾಡಿ.’

*

ಭಾನುವಾರ ಚೌಡೇಶ್ವರಿ ಗುಡಿಯ ಜಗುಲಿಯ ಮೇಲೆ ಬೀದಿ ಸೇರಿತು. ಗುರುಪ್ರಕಾಶ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿಕೊಂಡರು.

‘ಬಸವಯ್ಯನವರೇ, ನಾನು ಇಷ್ಟು ತಿಂಗಳು ನಿಮ್ಮ ಕಟ್ಟಳೆಗೆ ಅಡ್ಡ ಬಂದಿಲ್ಲ. ಮಳೆಗಾಲಕ್ಕೆ ಮುಂಚೆ ಗೋಡೆ ಏಳಬೇಕು. ಇನ್ನು ತಡ ಮಾಡೋದು ನನ್ನ ಕೈಲಿಲ್ಲ.’

ಎಲ್ಲರ ಕಣ್ಣೂ ಬಸವಯ್ಯನ ಮೇಲೆ. ಹೆಂಗಸರ ಸಾಲಿನಲ್ಲಿ ವಿಜಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನೆಲ ನೋಡುತ್ತಿದ್ದಳು. ಅವಳ ಅಂಗೈಯಲ್ಲಿ ಕೊಡದ ಕಂಠ ಒತ್ತಿದ ಕೆಂಪು ಗೀರು ಬಸವಯ್ಯನಿಗೆ ಅಲ್ಲಿಂದಲೇ ಕಂಡಿತು. ಮೊದಲು ಹೇಗೆ ಕಾಣಲಿಲ್ಲ?

‘ಒಂದು ಸೀರೆ ಉಳ್ದದ,’ ಅಂದ. ‘ಈ ವಾರ ಇಳಿಸ್ತೀನಿ. ಬರೋ ಸೋಮವಾರ ಅಚ್ಚು ಎತ್ಕಂಡು ಮೇಲಕ್ಕ ಓಯ್ತೀನಿ.’

ಚೌಡೇಶ್ ಎದ್ದು ಬಂದು ದೊಡ್ಡಪ್ಪನ ಕಾಲಿಗೆ ಬಿದ್ದವನು ಏಳುತ್ತ, ‘ಆ ಆನೆಗ ಚಳಿ ಆಯ್ತದಲ್ಲ ದೊಡ್ಡಪ್ಪ, ರಗ್ಗು ಅರ್ಧಕ್ಕೇ ನಿಂತೋಯ್ತು,’ ಅಂದ. ಜಗುಲಿ ಗೊಳ್ಳೆಂದಿತು.

ಮನೆಗೆ ಬರುವಾಗ ವಿಜಯಮ್ಮ ಒಂದು ಹೆಜ್ಜೆ ಹಿಂದೆ ಬರುತ್ತಿದ್ದಳು.

‘ನಿಮ್ಗ ಸಂಕಟ ಆಗ್ನಿಲ್ವಾ?’ ಎಂದು ಬೆನ್ನ ಹಿಂದಿನಿಂದ ಕೇಳಿದಳು.

‘ಯಾಕ?’

‘ಬೀದಿಯವ್ರಿಗೋಸ್ಕರ ಒಪ್ಕಂಡ್ರಿ. ನಂಗ ಗೊತ್ತು.’ ಮೂಗು ಒರೆಸಿಕೊಂಡ ಸದ್ದು. ‘ನಿಮ್ಮಂಥೋರು ಸಿಕ್ಕಲ್ಲ ಕಣ್ರಿ.’

ಬಸವಯ್ಯ ಬಾಯಿ ತೆರೆದ. ತಿರುಗಿ ನೋಡಿದ. ಅವಳ ಕಣ್ಣು ತುಂಬಿತ್ತು, ಮುಖ ಅರಳಿತ್ತು. ರಾಮಾಪುರದಿಂದ ಬಂದು ಮೊದಲ ಸಲ ಹೊಳೆ ಕಂಡಾಗಿನ ಮುಖ ಅದು. ಬಾಯಿ ಮುಚ್ಚಿಕೊಂಡು ಮುಂದೆ ನಡೆದ. ಮಾರನೇ ಬೆಳಿಗ್ಗೆ ಅವನು ಮಗ್ಗಕ್ಕೆ ಇಳಿಯುವ ಹೊತ್ತಿಗೆ ಬುಟ್ಟಿಯಲ್ಲಿ ಕಂಡಿಕೆ ತುಂಬಿ ಉರುಳುತ್ತಿದ್ದವು.

*

ಹಾಸು ಇಳಿಯಿತು. ಮಗ್ಗ ಬಿಚ್ಚಿದರೂ ಅಚ್ಚಿನಲ್ಲಿ ಗೇಣುದ್ದ ಎಳೆಗಳನ್ನು ಹಾಗೇ ಬಿಡುವುದು ನೇಕಾರರ ಪದ್ಧತಿ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಎಳೆಗಳಿಗೆ ಕೆಚ್ಚಿ, ಅಂದರೆ ಬೆರಳಲ್ಲಿ ಹೊಸೆದು ಸೇರಿಸಿ, ಮುಂದಿನ ನೇಯ್ಗೆ ಸುರುವಾಗುತ್ತದೆ. ಹಾಗೆ ಬಸವಯ್ಯನ ಅಚ್ಚು ಅಪ್ಪನ ಕಾಲದಿಂದಲೂ ಬರಿದಾದದ್ದೇ ಇಲ್ಲ. ಆ ಅಚ್ಚನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಅವನು ಏರು ಹತ್ತಿದ. 

ಬುಲ್ಡೋಜರು ಬಂದು ಹಳೆಯ ಮನೆ ಕೆಡವಿದ ದಿನ ಬೀದಿಯವರೆಲ್ಲ ಬಂದು ಅವನ ಭುಜ ತಟ್ಟಿದರು. ಗುಂಡಿಗೆ ಮಣ್ಣು ಬಿದ್ದಾಗ ‘ಆ ಕಡೆ ನೋಡ್ಬ್ಯಾಡಿ’ ಎಂದು ಯಾರೋ ಅವನ ಮುಖ ತಿರುಗಿಸಿದರು. ಅವನು ತಿರುಗಿಸಿದ ಕಡೆಗೆ ನೋಡಿದ. ಅಲ್ಲಿ ಏರಿನ ಮೇಲೆ, ಹೊಸ ಮನೆಯ ಕಿಟಕಿಯಲ್ಲಿ ವಿಜಯಮ್ಮ ಸೊಪ್ಪು ಸೋಸುತ್ತ ಹೊಳೆ ನೋಡುತ್ತಿದ್ದಳು. ಏನೋ ಗುನುಗುತ್ತಿದ್ದಳು. ಅವಳು ಗುನುಗುವವಳೆಂದೇ ಅವನಿಗೆ ಗೊತ್ತಿರಲಿಲ್ಲ.

ಚೌಡೇಶ್ ತನ್ನ ಮನೆಯಲ್ಲಿ ಸ್ಟ್ಯಾಂಡ್ ಮಗ್ಗ ಹಾಕಿಸಿದ. ‘ಬಾ ದೊಡ್ಡಪ್ಪ, ಒಂದ್ಗಳಿಗೆ ಕುಂತು ನೋಡು. ಬ್ಯಾಂಕ್ ಮ್ಯಾನೇಜ್ರು ಕುಂತಂಗ ಆಯ್ತದ,’ ಎಂದು ಕೈ ಹಿಡಿದು ಎಳೆದ. ಬಸವಯ್ಯ ಬೆಂಚಿನ ಮೇಲೆ ಕೂತ. ಬೆನ್ನು ನೆಟ್ಟಗಾಯಿತು. ಕಾಲು ಸಲೀಸಾಗಿ ನೆಲ ಮುಟ್ಟಿತು. ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು.

‘ಎಂಗದ?’

ಬಾಗಿಲಲ್ಲಿ ನಿಂತಿದ್ದ ವಿಜಯಮ್ಮನೇ ಉತ್ತರ ಕೊಟ್ಟಳು. ‘ಅವ್ರಿಗ ಅದೆಲ್ಲ ಒಗ್ಗಲ್ಲ ಕಣ್ಲಾ. ಗುಂಡಿ ಇಲ್ದೆ ಅವ್ರ ಕೈಯೇ ಓಡಲ್ಲ. ಬನ್ನಿ, ನಿಮ್ಮ ಮಗ್ಗ ಕಾಯ್ತಾ ಅದ.’

ಬಸವಯ್ಯ ಎದ್ದು ಹೋದ. ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಮೊಣಕಾಲು ಎಲ್ಲಿ ಮಡಿಯಬೇಕೋ ಅಲ್ಲೇ ಮಡಿಯಿತು, ಹಿಮ್ಮಡಿ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಒಳಗೆ ಒಣಗಿ, ಬೆಳಗಿನ ಬಿಸಿಲಿಗೆ ಬೆಚ್ಚಗಾಗಿತ್ತು. ಇದ್ದಿಲಿನ ಗೆರೆ ಇನ್ನೂ ಅಳಿಸಿರಲಿಲ್ಲ. ಅವಳು ಕಂಡಿಕೆಯ ಬುಟ್ಟಿ ಪಕ್ಕದಲ್ಲಿಟ್ಟು, ಕೇಳಲೋ ಬೇಡವೋ ಎಂಬಂತೆ ನಿಂತಳು.

‘ಸರ್ಯಾಗದಾ?’

‘ಅಳತೆ ತಕಂಡು ಮಾಡ್ದಂಗದ,’ ಅಂದ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಬಸವಯ್ಯ ಲಾಳಿ ಎತ್ತಿಕೊಂಡ. ಮಗ್ಗ ಸದ್ದು ಮಾಡಿತು, ಕೆಳಗೆ ಹೊಳೆಯೂ ತನ್ನ ಪಾಡಿಗೆ ಸದ್ದು ಮಾಡುತ್ತಿತ್ತು.

ಗುಂಡಿಗಿಳಿದು ನೇಯುವುದು ತನಗೆ ಒಂದು ದಿನವೂ ಇಷ್ಟವಾಗಿರಲಿಲ್ಲವೆಂದು ಅವನು ಅವಳಿಗೆ ಹೇಳಲೇ ಇಲ್ಲ.